‘ಮರುಳಾಗಬೇಡಿ’ ಎಂದರೆ ಪಾಠವಾಯಿತೆ?

ಹತ್ತನೇ ತರಗತಿಯ ಮಕ್ಕಳ ಕೈಗೆ ಬರುವ ಗೈಡುಗಳಲ್ಲಿ ಜಾಹೀರಾತಿನ ಮೇಲಿನ ಪ್ರಬಂಧಕ್ಕೆ ಒಂದೇ ಅಚ್ಚು: ಪೀಠಿಕೆ, ಅನುಕೂಲಗಳು, ಅನಾನುಕೂಲಗಳು, ಉಪಸಂಹಾರ. ಇಂದಿನದು ಜಾಹೀರಾತಿನ ಯುಗ ಎಂದು ಶುರುವಾಗಿ, ಗ್ರಾಹಕರು ಮರುಳಾಗದೆ ಎಚ್ಚರದಿಂದಿರಬೇಕು ಎಂದು ಮುಗಿಯುತ್ತದೆ. ಮಕ್ಕಳು ಅದನ್ನು ಉರು ಹೊಡೆಯುತ್ತಾರೆ, ಉತ್ತರಪತ್ರಿಕೆಗೆ ಇಳಿಸುತ್ತಾರೆ, ಅಂಕ ಬೀಳುತ್ತದೆ. ಆ ಪ್ರಬಂಧದಲ್ಲಿ ನಿಜವಾದ ಜಾಹೀರಾತೊಂದರ ಹೆಸರೂ ಇರುವುದಿಲ್ಲ. ಯಾರು ಏನು ಹೇಳಿಕೊಂಡರು, ಅದು ತಪ್ಪೆಂದು ಯಾವ ಕಾಗದ ನೋಡಿ ತಿಳಿಯಿತು, ಯಾರ ಮಾತನ್ನು ಎಷ್ಟು ನಂಬಬಹುದು ಎಂಬ ಒಂದು ಸಾಲೂ ಸಿಗುವುದಿಲ್ಲ.

ಇಷ್ಟೇ ಸಾಕು ಎಂಬುದು ನಮ್ಮಲ್ಲಿ ಬೇರುಬಿಟ್ಟಿರುವ ಅಭಿಪ್ರಾಯ. ಸ್ಟಾಫ್ ರೂಮಿನಲ್ಲಿ ಕೇಳಿಬರುವ ಮಾತು: “ಒಂದು ಪ್ಯಾರಾ ತಪ್ಪಿಲ್ದೆ ಬರೆಯಕ್ಕೆ ಬರಲ್ಲ ಸಾರ್, ಇನ್ನು ಆಧಾರ ಕೊಟ್ಟು ವಾದ ಬರೆಯೋದು ಎಲ್ಲಿಂದ ಬಂತು?” ಪೋಷಕರ ಸಭೆಯಲ್ಲಿ: “ವಾದ ಮಾಡೋದು ಮಾತ್ರ ಕಲಿಸಬೇಡಿ ಮೇಡಂ, ಮನೇಲಿ ಆಗ್ಲೇ ಎದುರುತ್ತರ ಜಾಸ್ತಿ ಆಗೈತೆ.” ಇಲಾಖೆಯ ಸಭೆಗಳಲ್ಲಿ ಶೇಕಡಾವಾರು ಫಲಿತಾಂಶ ಬಿಟ್ಟು ಬೇರೆ ಮಾತೇ ಕಡಿಮೆ. ಮೂರು ಕಡೆಯಿಂದ ಬರುವ ಮಾತು ಒಂದೇ ತೀರ್ಮಾನಕ್ಕೆ ತಂದು ನಿಲ್ಲಿಸುತ್ತದೆ: ಕನ್ನಡ ಶಾಲೆಯ ಮಕ್ಕಳಿಗೆ ಬುದ್ಧಿವಾದ ಸಾಕು, ವಿಚಾರಣೆ ಬೇಡ. ಈ ತೀರ್ಮಾನ ತಪ್ಪು. ತಪ್ಪಷ್ಟೇ ಆಗಿದ್ದರೆ ಬಿಡಬಹುದಿತ್ತು, ಇದರಿಂದ ಮಕ್ಕಳಿಗೆ ಕೇಡಾಗುತ್ತಿದೆ.

ಬುದ್ಧಿವಾದ ಏನು ಮಾಡುತ್ತದೆ ನೋಡಿ. ‘ಜಾಹೀರಾತೆಲ್ಲ ಸುಳ್ಳು’ ಎಂದು ಮಕ್ಕಳಿಗೆ ಹೇಳಿಕೊಡುತ್ತದೆ. ಜಾಹೀರಾತು ಬರೆಯುವವರು ಅಷ್ಟು ದಡ್ಡರಲ್ಲ. ಅವರು ಬರೆಯುವ ವಾಕ್ಯಗಳಲ್ಲಿ ಬಹುಪಾಲು ನಿಜವೇ ಇರುತ್ತದೆ. ಮೋಸ ಇರುವುದು ಹೇಳದೆ ಬಿಟ್ಟ ಮಾತಿನಲ್ಲಿ, ನಿಜದ ಪಕ್ಕ ತಂದು ಕೂರಿಸಿದ ತೀರ್ಮಾನದಲ್ಲಿ. ಎಲ್ಲವೂ ಸುಳ್ಳು ಎಂದು ಕಲಿತ ಹುಡುಗ ಮೊದಲ ನಿಜ ಸಂಗತಿ ಎದುರಾದಾಗಲೇ ಸೋಲುತ್ತಾನೆ. ‘ಇದು ನಿಜವಾಗಿಯೂ ಇದೆಯಲ್ಲ!’ ಎಂದು ಉಳಿದದ್ದನ್ನೂ ನಂಬಿಬಿಡುತ್ತಾನೆ.

ತುಮಕೂರಿನ ಅಂಚಿನ ಸತ್ಯಮಂಗಲವನ್ನೇ ತೆಗೆದುಕೊಳ್ಳೋಣ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಬೆಳೆಯುತ್ತಿರುವ ನಗರ. ಇಂಥ ನಗರದಂಚಿನ ಮಕ್ಕಳು ದಿನವೂ ಓದುವ ಕನ್ನಡ ಗದ್ಯ ಪಠ್ಯಪುಸ್ತಕದ್ದಲ್ಲ. ಕಾಂಪೌಂಡ್ ಗೋಡೆಗೆ ಬಳಿದ ಸಿಮೆಂಟಿನ ಹೆಸರು, ಆಟೊ ಬೆನ್ನಿನ ಟ್ಯೂಷನ್ ಫಲಕ, ಪೇಪರಿನ ಮಡಿಕೆಯಿಂದ ಉದುರುವ ಸೈಟು ಮಾರಾಟದ ಪಾಂಪ್ಲೆಟ್. ಆ ಪಾಂಪ್ಲೆಟ್ಟನ್ನೇ ತರಗತಿಗೆ ತರಬೇಕು. ಅದರಲ್ಲಿ ಸಾಮಾನ್ಯವಾಗಿ ಇರುವುದಿಷ್ಟು: ಕಾರಂಜಿ, ಕಮಾನು, ಹುಲ್ಲುಹಾಸಿನ ಬಣ್ಣದ ಚಿತ್ರ, ಬಿ.ಎಚ್. ರಸ್ತೆಯಿಂದ ಹತ್ತೇ ನಿಮಿಷ, ಬ್ಯಾಂಕ್ ಸಾಲ ಉಂಟು, ಮೆಟ್ರೊ ಬರಲಿದೆ, ಇಂದೇ ಅಡ್ವಾನ್ಸ್ ಕೊಟ್ಟರೆ ರಿಯಾಯಿತಿ. ಗುಬ್ಬಿಯ ಕಡೆಯ ಪಾಂಪ್ಲೆಟ್ ಆದರೆ ಹೆಲಿಕಾಪ್ಟರ್ ಕಾರ್ಖಾನೆಯ ಹೆಸರೂ ಸೇರಿಕೊಳ್ಳುತ್ತದೆ.

ಈಗ ಒಂದೊಂದೇ ಸಾಲು ಹಿಡಿದು ಕೂರಬೇಕು. ಹೆಲಿಕಾಪ್ಟರ್ ಕಾರ್ಖಾನೆ ನಿಜ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಘಟಕ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಆದರೆ ‘ಆದ್ದರಿಂದ ಸೈಟಿನ ಬೆಲೆ ಎರಡು ವರ್ಷದಲ್ಲಿ ದುಪ್ಪಟ್ಟು’ ಎಂಬುದು ಕಾರ್ಖಾನೆಯಿಂದ ಹುಟ್ಟಿದ ಸಂಗತಿಯಲ್ಲ, ಮಾರುವವನ ಲೆಕ್ಕಾಚಾರ. ಮೆಟ್ರೊ ವಿಚಾರ ಬೇರೆ ಥರದ್ದು. 2024-25ರ ರಾಜ್ಯ ಬಜೆಟ್‌ನಲ್ಲಿ ಬೆಂಗಳೂರಿನ ಮೆಟ್ರೊವನ್ನು ತುಮಕೂರಿನವರೆಗೆ ತರುವ ಮಾತು ಬಂದದ್ದು ನಿಜ. ಅಲ್ಲಿ ಹೇಳಿದ್ದು ಕಾರ್ಯಸಾಧ್ಯತೆಯ ಅಧ್ಯಯನದ ಬಗ್ಗೆ. ಅಧ್ಯಯನಕ್ಕೂ ಹಳಿಗೂ ನಡುವೆ ಎಷ್ಟು ಮೆಟ್ಟಿಲಿದೆ ಎಂಬುದನ್ನು ಬಜೆಟ್ ಭಾಷಣದ ಆ ಪ್ಯಾರಾ ಓದಿದ ಹದಿನೈದರ ಹುಡುಗಿ ತಾನೇ ಹೇಳಬಲ್ಲಳು. ಹತ್ತು ನಿಮಿಷ ಎಂಬುದನ್ನು ಸೈಕಲ್ ತುಳಿದು, ಬಸ್ಸು ಹತ್ತಿ, ಸಂಜೆಯ ದಟ್ಟಣೆಯಲ್ಲಿ ಒಮ್ಮೆ, ಬೆಳಗಿನ ಜಾವ ಒಮ್ಮೆ ಅಳೆದು ಬರಬಹುದು.

ಇನ್ನು ಪಾಂಪ್ಲೆಟ್ಟಿನಲ್ಲಿ ಇಲ್ಲದ್ದು. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ 500 ಚದರ ಮೀಟರ್ ಮೀರಿದ ಬಡಾವಣೆಯನ್ನು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಾಯಿಸದೆ ಜಾಹೀರಾತು ಕೊಡುವಂತೆಯೇ ಇಲ್ಲ. ಕೊಟ್ಟ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಬೇಕು. ಜಾಹೀರಾತಿನ ಸುಳ್ಳು ಮಾತು ನಂಬಿ ದುಡ್ಡು ಕಟ್ಟಿ ನಷ್ಟವಾದರೆ ಪರಿಹಾರ ಕೇಳಲು ಅದೇ ಕಾಯ್ದೆಯ 12ನೇ ಕಲಮು ದಾರಿ ಮಾಡಿಕೊಟ್ಟಿದೆ. ನಂಬರ್ ಇದ್ದರೆ ಕರ್ನಾಟಕ ರೇರಾದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಂಬರ್ ಇಲ್ಲದಿದ್ದರೆ ಆ ಖಾಲಿ ಜಾಗವೇ ಮಕ್ಕಳ ವಾದದ ಮೊದಲ ಆಧಾರ. ಸರ್ವೆ ನಂಬರ್ ಸಿಕ್ಕರೆ ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆಯಬಹುದು, ಭೂ ಪರಿವರ್ತನೆ ಆಗಿದೆಯೋ ಇಲ್ಲವೋ ನೋಡಬಹುದು, ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದ (ಟೂಡಾ) ಅನುಮೋದನೆ ಕೇಳಬಹುದು. ಈ ಹೆಸರುಗಳನ್ನೆಲ್ಲ ಮಕ್ಕಳಿಗೆ ಹೊಸದಾಗಿ ಕಲಿಸಬೇಕಾಗಿಯೂ ಇಲ್ಲ. ಪಹಣಿಯಲ್ಲಿ ತಾತನ ಹೆಸರು ತಪ್ಪಾಗಿದೆ ಎಂದು ನಾಡಕಚೇರಿಗೆ ಅಲೆಯುವ ಅಪ್ಪನ ಜೊತೆ ಹೋಗಿ ಅರ್ಜಿ ತುಂಬಿಸುವವರು ಇದೇ ಮಕ್ಕಳು. ಬಾಣಸಂದ್ರದ ಕಡೆಯ ಹುಡುಗನಾಗಲಿ ಕುಣಿಗಲ್ಲಿನ ರೇಷ್ಮೆ ಬೆಳೆಗಾರನ ಮಗಳಾಗಲಿ, ಕಾಗದಕ್ಕೆ ಇರುವ ಬಲ ಮನೆಯಲ್ಲೇ ಕಂಡವರು. ಶಾಲೆ ಮಾತ್ರ ಆ ತಿಳಿವಳಿಕೆಯನ್ನು ಗೇಟಿನ ಹೊರಗೆ ನಿಲ್ಲಿಸಿ, ಒಳಗೆ ‘ಉಪಸಂಹಾರ’ ಬರೆಸುತ್ತಿದೆ.

ಹಾಗಾಗಿ ‘ನಮ್ಮ ಮಕ್ಕಳಿಗೆ ಬರಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತಪ್ಪಿಲ್ಲದೆ ಬರೆಯಲು ಬಾರದಿರುವುದಕ್ಕೂ ವಾದ ಬರೆಸದಿರುವುದಕ್ಕೂ ಸಂಬಂಧವಿದೆ. ಹೇಳಲು ಏನಾದರೂ ಇದ್ದಾಗ ವಾಕ್ಯ ತಾನಾಗಿ ನೆಟ್ಟಗಾಗಲು ಹೆಣಗುತ್ತದೆ. ಉರು ಹೊಡೆದ ಪ್ರಬಂಧದಲ್ಲಿ ಒಂದು ಸಾಲು ಮರೆತರೆ ಮುಂದಿನ ನಾಲ್ಕೂ ಕುಸಿಯುತ್ತವೆ, ಏಕೆಂದರೆ ಅವುಗಳನ್ನು ಹಿಡಿದಿಟ್ಟಿರುವುದು ನೆನಪೇ ಹೊರತು ವಿಚಾರವಲ್ಲ. ‘ಪಾಂಪ್ಲೆಟ್ಟಿನಲ್ಲಿ ರೇರಾ ಸಂಖ್ಯೆ ಇಲ್ಲ. ಆದ್ದರಿಂದ ಇದನ್ನು ನಂಬಿ ಅಡ್ವಾನ್ಸ್ ಕೊಡಬಾರದು. ಆದರೆ ಬಡಾವಣೆ 500 ಚದರ ಮೀಟರಿಗಿಂತ ಚಿಕ್ಕದಾಗಿದ್ದರೆ ಸಂಖ್ಯೆ ಇಲ್ಲದಿರುವುದು ತಪ್ಪಲ್ಲ.’ ಈ ಮೂರು ವಾಕ್ಯ ಬರೆಯಬಲ್ಲ ವಿದ್ಯಾರ್ಥಿ ಗೈಡಿನ ಮೂರು ಪುಟ ಇಳಿಸಿದವನಿಗಿಂತ ಹೆಚ್ಚು ಕನ್ನಡ ಕಲಿತಿದ್ದಾನೆ. ‘ಆದ್ದರಿಂದ’, ‘ಆದರೆ’, ‘ಆಗಿದ್ದರೆ’ಗಳ ನಿಜವಾದ ಕೆಲಸ ಅವನ ಕೈಗೆ ಹತ್ತಿದೆ.

ವಾದ ಕಲಿಸುತ್ತಿಲ್ಲ ಎನ್ನಲು ಹೇಗಾಗುತ್ತದೆ, ಪ್ರತಿಭಾ ಕಾರಂಜಿಯಲ್ಲಿ ಚರ್ಚಾ ಸ್ಪರ್ಧೆ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಅಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಕಣ್ಣುಬಿಟ್ಟು ನೋಡೋಣ. ವಿಷಯ ಮೊದಲೇ ಗೊತ್ತಿರುತ್ತದೆ. ಪರ ಅಥವಾ ವಿರೋಧ ಎಂದು ಚೀಟಿ ಎತ್ತಿದಂತೆ ಹಂಚಿಕೆಯಾಗುತ್ತದೆ. ಮೇಷ್ಟ್ರು ಬರೆದುಕೊಟ್ಟ ಭಾಷಣವನ್ನು ಮಗು ಬಾಯಿಪಾಠ ಮಾಡಿ, ಎಲ್ಲಿ ಕೈ ಎತ್ತಬೇಕು, ಎಲ್ಲಿ ದನಿ ಏರಿಸಬೇಕು ಎಂಬುದನ್ನೂ ಅಭ್ಯಾಸ ಮಾಡಿ ವೇದಿಕೆ ಹತ್ತುತ್ತದೆ. ಹಿಂದೆ ಮಾತನಾಡಿದವರು ಏನೆಂದರು ಎಂಬುದಕ್ಕೆ ಉತ್ತರ ಕೊಡುವ ಗೋಜಿಲ್ಲ. ‘ಈ ಅಂಕಿ ಎಲ್ಲಿಂದ ತಂದೆ’ ಎಂದು ತೀರ್ಪುಗಾರರೂ ಕೇಳುವುದಿಲ್ಲ. ಪೋಷಕರು ಹೆದರುವ ಎದುರುತ್ತರ ಹುಟ್ಟುವುದೇ ಇಂಥಲ್ಲಿ: ಆಧಾರ ಬೇಕಿಲ್ಲ, ದನಿ ಇದ್ದರೆ ಗೆಲುವು ಎಂದು ಕಲಿತಾಗ. ಆಧಾರ ತೋರಿಸಬೇಕು ಎಂಬ ಕಟ್ಟುಪಾಡಿಗೆ ಬಿದ್ದ ಮಕ್ಕಳು ಕೂಗಾಡುವುದು ಕಡಿಮೆ. ನಮ್ಮ ಹಳೆಯ ಶಾಸ್ತ್ರವಾದಗಳಲ್ಲಿ ಎದುರಾಳಿಯ ಪೂರ್ವಪಕ್ಷವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಖಂಡಿಸಬೇಕಿತ್ತು. ಅಂಥ ಶಿಸ್ತು ಈ ನೆಲದ್ದೇ. ಶೃಂಗೇರಿಯ ವಿದ್ವತ್ಸಭೆಗೆ ಅದು ಬೇಕು, ಸರ್ಕಾರಿ ಪ್ರೌಢಶಾಲೆಗೆ ಬೇಡ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಜಾಹೀರಾತನ್ನು ಬಿಡಿಸಿ ನೋಡುವ ಪಾಠ ಪುಸ್ತಕಕ್ಕೆ ಹೊಸದೇನಲ್ಲ. ಎನ್‌ಸಿಇಆರ್‌ಟಿಯ ಏಳನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಜಾಹೀರಾತನ್ನು ಅರ್ಥ ಮಾಡಿಕೊಳ್ಳುವುದರ ಬಗ್ಗೆ ಒಂದು ಇಡೀ ಅಧ್ಯಾಯ ಇತ್ತು. ಕಲ್ಪಿತ ಹೆಸರಿನ ಒಂದು ಸೋಪು, ಒಂದು ಬೇಳೆ ಇಟ್ಟುಕೊಂಡು, ಅವುಗಳ ಜಾಹೀರಾತು ಕೊಳ್ಳುವವರ ಮನಸ್ಸನ್ನು ಹೇಗೆ ತಟ್ಟುತ್ತದೆ ಎಂದು ಬಿಡಿಸಿ ತೋರಿಸುತ್ತಿತ್ತು. ಮುಂದಿನ ಮುದ್ರಣಗಳಲ್ಲಿ ಆ ಅಧ್ಯಾಯ ಹೋಯಿತು. ಅದು ಹೋದದ್ದು ನಷ್ಟವೇ. ಆದರೂ ನನಗೆ ಅನ್ನಿಸುವುದು, ಕಲ್ಪಿತ ಸೋಪಿನಿಂದ ಅರ್ಧ ದಾರಿ ಮಾತ್ರ ಹೋಗಬಹುದು. ಕಲ್ಪಿತ ಸೋಪಿಗೆ ಸರ್ಕಾರಿ ಆದೇಶ ಇರುವುದಿಲ್ಲ, ವಾರ್ಷಿಕ ವರದಿ ಇರುವುದಿಲ್ಲ, ವಿರೋಧಿಸಿ ಹೇಳಿಕೆ ಕೊಟ್ಟವರಿರುವುದಿಲ್ಲ.

ನಮ್ಮಲ್ಲಿ ನಿಜವಾದ ಸೋಪೇ ಇದೆ. 2025ರ ಮೇ ತಿಂಗಳಲ್ಲಿ ಕರ್ನಾಟಕ ಸೋಪ್ಸ್ ಮತ್ತು ಡಿಟರ್ಜೆಂಟ್ಸ್ ಸಂಸ್ಥೆಯ ಉತ್ಪನ್ನಗಳಿಗೆ, ಅಂದರೆ ಮೈಸೂರು ಸ್ಯಾಂಡಲ್ ಸೋಪಿಗೆ, ನಟಿ ತಮನ್ನಾ ಭಾಟಿಯಾ ಅವರನ್ನು ರಾಯಭಾರಿಯಾಗಿ ಸರ್ಕಾರ ನೇಮಿಸಿತು. ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ. ಕನ್ನಡದ ನಟಿಯರಿಲ್ಲವೇ ಎಂದು ನಾಡಿನ ತುಂಬ ಗಲಾಟೆ ಎದ್ದಿತು. ಸಚಿವ ಎಂ.ಬಿ. ಪಾಟೀಲರು, ಕರ್ನಾಟಕದಾಚೆಯ ಮಾರುಕಟ್ಟೆ ಗೆಲ್ಲಬೇಕಿದೆ, 2028ರ ಹೊತ್ತಿಗೆ ವಹಿವಾಟು 5,000 ಕೋಟಿ ಮುಟ್ಟಬೇಕಿದೆ ಎಂದು ಸಮರ್ಥಿಸಿಕೊಂಡರು. ಟೀವಿಯಲ್ಲಿ, ಚಹಾದಂಗಡಿಯಲ್ಲಿ, ಮಕ್ಕಳ ಮೊಬೈಲಿನಲ್ಲಿ ಅದೇ ಮಾತು. ಜಾಹೀರಾತಿನ ಬಗ್ಗೆ ವಾದ ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಒದಗುವುದು ಅಪರೂಪ. ರಜೆ ಮುಗಿದು ಶಾಲೆ ತೆರೆದ ಹೊತ್ತಿಗೆ ವಿವಾದ ಇನ್ನೂ ಬಿಸಿಯಾಗಿತ್ತು. ನಮ್ಮ ಕನ್ನಡ ತರಗತಿಗಳು ಅದನ್ನು ಬಳಸಿಕೊಳ್ಳದಿದ್ದರೆ ಕಾರಣ ಒಂದೇ: ಅದು ‘ಸಿಲಬಸ್’ನಲ್ಲಿಲ್ಲ.

ಬಳಸಿಕೊಂಡಿದ್ದರೆ ಏನಾಗುತ್ತಿತ್ತು? ಮೇಷ್ಟ್ರು ನಾಲ್ಕು ಕಾಗದ ಹಂಚಬೇಕಿತ್ತು: ನೇಮಕದ ಆದೇಶದ ಸುದ್ದಿ, ಸಚಿವರ ಸಮರ್ಥನೆ, ವಿರೋಧಿಸಿದ ಕನ್ನಡ ಸಂಘಟನೆಯೊಂದರ ಹೇಳಿಕೆ, ಸಂಸ್ಥೆಯ ಹಿಂದಿನ ವರ್ಷಗಳ ವಹಿವಾಟಿನ ಲೆಕ್ಕ. ಓದುತ್ತ ಹೋದಂತೆ ಮಕ್ಕಳಿಗೆ ಗೊತ್ತಾಗುತ್ತಿತ್ತು, ಊರೆಲ್ಲ ಜಗಳವಾಡುತ್ತಿದ್ದದ್ದು ಒಂದೇ ಪ್ರಶ್ನೆಯ ಮೇಲಲ್ಲ ಎಂದು. ರಾಯಭಾರಿಯಿಂದ ಮಾರಾಟ ಹೆಚ್ಚುತ್ತದೆಯೇ ಎಂಬುದು ಲೆಕ್ಕದ ಪ್ರಶ್ನೆ. ಅದಕ್ಕೆ ಸಚಿವರ ಭರವಸೆಯೂ ಆಧಾರವಲ್ಲ, ವಿರೋಧಿಗಳ ಸಿಟ್ಟೂ ಆಧಾರವಲ್ಲ. 2006ರಲ್ಲಿ ಇದೇ ಸೋಪಿಗೆ ಮಹೇಂದ್ರ ಸಿಂಗ್ ಧೋನಿ ರಾಯಭಾರಿಯಾಗಿದ್ದರು. ಆಗಿನ ಮಾರಾಟದ ಅಂಕಿ ತೆಗೆಸಿ ನೋಡುವುದು ಆಧಾರಕ್ಕೆ ಹತ್ತಿರದ ದಾರಿ. ನಾಡಿನ ಹೆಮ್ಮೆಯ ವಸ್ತುವಿಗೆ ಯಾರ ಮುಖ ಇರಬೇಕು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ವಹಿವಾಟಿನ ಲೆಕ್ಕ ಉತ್ತರ ಕೊಡುವುದಿಲ್ಲ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ, ಎರಡು ವರ್ಷದ ಮೇಲೆ ಸೋಪು, ಪೊಟ್ಟಣದ ಮೇಲೆ ಶರಭದ ಗುರುತು, ಈ ಚರಿತ್ರೆ ಅಲ್ಲಿ ತೂಕಕ್ಕೆ ಬರುತ್ತದೆ. ಸರ್ಕಾರದ ದುಡ್ಡನ್ನು ಹೀಗೆ ಖರ್ಚು ಮಾಡುವಾಗ ಯಾವ ನಿಯಮ ಪಾಲಿಸಬೇಕು ಎಂಬುದು ಮೂರನೆಯದು. ಯಾವ ಪ್ರಶ್ನೆಗೆ ಯಾವ ಕಾಗದ ಸಾಕ್ಷಿ ಹೇಳಬಲ್ಲದು ಎಂದು ಬೇರ್ಪಡಿಸುವುದೇ ವಾದದ ಮೊದಲ ಪಾಠ. ಆಮೇಲೆ ಒಬ್ಬಳು ನೇಮಕ ಸರಿ ಎಂದು ಬರೆಯಲಿ, ಇನ್ನೊಬ್ಬ ತಪ್ಪು ಎಂದು ಬರೆಯಲಿ, ಇಬ್ಬರಿಗೂ ಪೂರ್ಣ ಅಂಕ ಸಿಗಬಹುದು. ನಮ್ಮ ಮೌಲ್ಯಮಾಪನಕ್ಕೆ ಅರಗದಿರುವುದು ಈ ಮಾತೇ. ಒಂದು ಪ್ರಶ್ನೆಗೆ ಎರಡು ಸರಿಯುತ್ತರ ಇರಬಹುದು ಎಂದೊಡನೆ ಕೀ ಆನ್ಸರ್ ಹಿಡಿದು ಕೂತವರಿಗೆ ದಿಗಿಲಾಗುತ್ತದೆ.

ಇನ್ನೊಂದು ದಿಗಿಲಿನ ಬಗ್ಗೆ ನೇರವಾಗಿಯೇ ಹೇಳಬೇಕು. ಜಾಹೀರಾತನ್ನು ಬಿಡಿಸಿ ನೋಡಲು ಕಲಿತ ಮಕ್ಕಳ ಕಣ್ಣು ಮೊದಲು ಬೀಳುವುದು ಶಾಲಾ ಕಾಲೇಜುಗಳದೇ ಫ್ಲೆಕ್ಸ್ ಮೇಲೆ. ಎಸ್ಸೆಸ್ಸೆಲ್ಸಿ, ಪಿಯುಸಿ, ನೀಟ್ ಫಲಿತಾಂಶ ಬಂದ ಮಾರನೆಯ ದಿನ ತುಮಕೂರಿನ ಸರ್ಕಲ್ಲುಗಳಲ್ಲಿ, ಪೇಪರಿನ ಮುಖಪುಟಗಳಲ್ಲಿ ಕಾಣುವುದು ನಗುವ ಮಕ್ಕಳ ಸಾಲು. ಫೋಟೊ ಹನ್ನೆರಡು. ಪರೀಕ್ಷೆಗೆ ಕೂತವರು ಎಷ್ಟು? ಆ ಸಂಖ್ಯೆ ಇರುವುದು ಅಪರೂಪ. ಅದಿಲ್ಲದೆ ಹನ್ನೆರಡಕ್ಕೆ ಅರ್ಥವೇ ಇಲ್ಲ. ಇನ್ನೂರರಲ್ಲಿ ಹನ್ನೆರಡೋ, ಎರಡು ಸಾವಿರದಲ್ಲಿ ಹನ್ನೆರಡೋ? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹಲವು ನಾಗರಿಕ ಸೇವಾ ಕೋಚಿಂಗ್ ಸಂಸ್ಥೆಗಳಿಗೆ ದಂಡ ಹಾಕಿದ್ದು ಇಂಥದೇ ಮರೆಮಾಚುವಿಕೆಗೆ. ರ್‍ಯಾಂಕ್ ಬಂದವರಲ್ಲಿ ಹಲವರು ಆ ಸಂಸ್ಥೆಯಲ್ಲಿ ಪಡೆದದ್ದು ಸಂದರ್ಶನಕ್ಕೆ ಮುಂಚಿನ ಮಾರ್ಗದರ್ಶನ ಮಾತ್ರ, ಅದೂ ಬಹಳ ಕಡೆ ಉಚಿತವಾಗಿ. ಜಾಹೀರಾತು ನೋಡಿದವರಿಗೆ ಮಾತ್ರ ಇಡೀ ಓದು ಅಲ್ಲೇ ನಡೆಯಿತೆಂಬ ಭಾವನೆ. 2024ರ ನವೆಂಬರ್ 13ರಂದು ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಕೋಚಿಂಗ್ ಸಂಸ್ಥೆಗಳು ವಿದ್ಯಾರ್ಥಿಯ ಫೋಟೊ ಹಾಕಬೇಕಾದರೆ ಆಯ್ಕೆಯಾದ ನಂತರ ಬರೆದುಕೊಟ್ಟ ಒಪ್ಪಿಗೆ ಬೇಕು, ಯಾವ ಕೋರ್ಸ್ ಎಂಬುದನ್ನೂ ಹೇಳಬೇಕು. ಇದನ್ನು ಓದಿಸಲು ಎಷ್ಟು ಆಡಳಿತ ಮಂಡಳಿಗಳು ತಯಾರಿವೆ? ಮಕ್ಕಳಿಗೆ ಕಷ್ಟವಾಗುತ್ತದೆ ಎಂಬ ನೆಪದ ಹಿಂದೆ ದೊಡ್ಡವರಿಗೆ ಇರುಸುಮುರುಸಾಗುತ್ತದೆ ಎಂಬ ಕಾರಣವೂ ಇದೆ. ಅದನ್ನು ಮುಚ್ಚಿಟ್ಟು ಈ ಚರ್ಚೆ ನಡೆಸಿ ಪ್ರಯೋಜನವಿಲ್ಲ.

ಕಾನೂನಿದೆಯಲ್ಲ, ಕೋರ್ಟಿದೆಯಲ್ಲ, ಮಕ್ಕಳಿಗೇಕೆ ಈ ಹೊರೆ ಎನ್ನುವವರು ದಿನಾಂಕಗಳನ್ನು ನೋಡಬೇಕು. ಸಕ್ಕರೆ ಕಾಯಿಲೆಯಂಥ ರೋಗಗಳನ್ನು ವಾಸಿ ಮಾಡುತ್ತೇವೆ ಎಂಬ ಔಷಧ ಜಾಹೀರಾತನ್ನು ನಿಷೇಧಿಸುವ ಕಾಯ್ದೆ ಬಂದದ್ದು 1954ರಲ್ಲಿ. ಪತಂಜಲಿಯ ಜಾಹೀರಾತುಗಳ ವಿರುದ್ಧ ಭಾರತೀಯ ವೈದ್ಯಕೀಯ ಸಂಘ ಸುಪ್ರೀಂ ಕೋರ್ಟಿಗೆ ಹೋದದ್ದು 2022ರಲ್ಲಿ. ಸಂಸ್ಥೆ 67 ಪತ್ರಿಕೆಗಳಲ್ಲಿ ಕ್ಷಮೆ ಕೇಳಿದ್ದು 2024ರ ಏಪ್ರಿಲ್‌ನಲ್ಲಿ. ಕ್ಷಮಾಪಣೆಯ ಗಾತ್ರ ನಿಮ್ಮ ಜಾಹೀರಾತುಗಳ ಗಾತ್ರದಷ್ಟೇ ಇದೆಯೇ ಎಂದು ನ್ಯಾಯಪೀಠ ಕೇಳಿದ ಮೇಲೆ ಮಾರನೆಯ ದಿನ ದೊಡ್ಡದಾಗಿ ಮತ್ತೊಮ್ಮೆ ಅಚ್ಚಾಯಿತು. ಕಾಯ್ದೆ ಇದ್ದೂ ಎಪ್ಪತ್ತು ವರ್ಷ. ಅಷ್ಟು ಹೊತ್ತಿಗೆ ಎಷ್ಟು ಮನೆಗಳಲ್ಲಿ ಇನ್ಸುಲಿನ್ ನಿಲ್ಲಿಸಿ ಚೂರ್ಣ ಹಿಡಿದಿರಬಹುದು? ಕೋರ್ಟು ಬರುವವರೆಗೆ ಮನೆಯಲ್ಲಿ ಯಾರೋ ಒಬ್ಬರು ‘ಇದಕ್ಕೆ ಆಧಾರ ಏನು’ ಎಂದು ಕೇಳಬೇಕಲ್ಲ. ಅಜ್ಜಿಯ ಮಾತ್ರೆ ಚೀಟಿ ಓದಿ ಹೇಳುವವರು ಶಾಲೆಗೆ ಹೋಗುವ ಮೊಮ್ಮಕ್ಕಳೇ ಆಗಿರುತ್ತಾರೆ.

ಶಿಕ್ಷಕರ ಕಡೆಯಿಂದ ಬರುವ ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ಅದನ್ನು ತಳ್ಳಿಹಾಕಲಾರೆ. ಒಬ್ಬರೇ ಕನ್ನಡ ಶಿಕ್ಷಕರು, ಮೂರು ತರಗತಿ, ಬಿಸಿಯೂಟದ ಲೆಕ್ಕ, ಮಕ್ಕಳ ವಿವರದ ಎಸ್‌ಎಟಿಎಸ್ ದತ್ತಾಂಶ ತುಂಬುವುದು, ಚುನಾವಣೆ ಬಂದರೆ ಮತಪಟ್ಟಿ. 2025ರ ದಸರಾ ರಜೆಯನ್ನು ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗಾಗಿ ಅಕ್ಟೋಬರ್ 18ರವರೆಗೆ ಎಳೆದಾಗ ಮನೆಮನೆ ಅಲೆದವರೂ ಅವರೇ. ಇಂಥವರಿಗೆ ಇನ್ನೊಂದು ಸುತ್ತೋಲೆ ಕಳಿಸಿ ‘ವಿಮರ್ಶಾತ್ಮಕ ಚಿಂತನೆ ಬೆಳೆಸಿ’ ಎಂದರೆ ಅದು ಕ್ರೌರ್ಯ. ಹಾಗಾಗಿ ನಾನು ಕೇಳುತ್ತಿರುವುದು ಹೊಸ ಹೊರೆಯನ್ನಲ್ಲ, ಇರುವ ಹೊರೆಯಲ್ಲಿ ಅದಲುಬದಲು.

ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆಯ 125 ಅಂಕಗಳಲ್ಲಿ 25 ಆಂತರಿಕ ಮೌಲ್ಯಮಾಪನದ್ದು. ಅದು ಶಾಲೆಯ ಕೈಯಲ್ಲೇ ಇದೆ. ಈಗ ಆ ಅಂಕಗಳಿಗಾಗಿ ಏನು ನಡೆಯುತ್ತದೆ ಎಂಬುದು ಊರಿನ ಸ್ಟೇಷನರಿ ಅಂಗಡಿಯವರಿಗೆ ಚೆನ್ನಾಗಿ ಗೊತ್ತು: ಚಾರ್ಟ್, ಬಣ್ಣದ ಪೆನ್ನು, ಕವಿಯ ಚಿತ್ರದ ಪ್ರಿಂಟ್, ಇಂಟರ್ನೆಟ್‌ನಿಂದ ಇಳಿಸಿದ ಎರಡು ಪುಟ. ಮಕ್ಕಳ ಸಮಯವೂ ವ್ಯರ್ಥ, ತಿದ್ದುವವರ ಸಮಯವೂ ವ್ಯರ್ಥ. ಅವುಗಳಲ್ಲಿ ಒಂದನ್ನು ಕೈಬಿಟ್ಟು ಒಂದೇ ಒಂದು ಪಾಂಪ್ಲೆಟ್ಟಿನ ವಿಚಾರಣೆ ಬರೆಸಲಿ. ಎರಡು ಪುಟ ಸಾಕು. ತಿದ್ದುವಾಗ ನೋಡಬೇಕಾದದ್ದು ನಾಲ್ಕು: ಜಾಹೀರಾತು ಏನು ಹೇಳುತ್ತಿದೆ ಎಂಬುದನ್ನು ತಿರುಚದೆ ಬರೆದಿದ್ದಾರೆಯೇ, ಅದರ ಹೊರಗಿನ ಎರಡು ಕಡೆಯಾದರೂ ಹೋಗಿ ನೋಡಿದ್ದಾರೆಯೇ, ಎದುರು ಮಾತಿಗೆ ಉತ್ತರ ಕೊಟ್ಟಿದ್ದಾರೆಯೇ, ತೀರ್ಮಾನ ಆಧಾರ ಮೀರಿ ಹಾರಿದೆಯೇ. ಪರ ಬರೆದರೋ ವಿರೋಧ ಬರೆದರೋ ಎಂಬುದಕ್ಕೆ ಅಂಕವಿಲ್ಲ. ಹೀಗೆ ತಿದ್ದುವುದಕ್ಕೆ ಚಾರ್ಟ್ ತಿದ್ದುವುದಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ, ನಿಜ. ನಕಲು ಹೊಡೆದದ್ದೆಲ್ಲಿ ಎಂದು ಹುಡುಕುವ ಕೆಲಸ ಮಾತ್ರ ಬಹಳ ತಪ್ಪುತ್ತದೆ, ಏಕೆಂದರೆ ತಮ್ಮ ಬೀದಿಯ ಪಾಂಪ್ಲೆಟ್ಟಿನ ಮೇಲೆ ಯಾವ ಗೈಡಿನಲ್ಲೂ ಉತ್ತರವಿಲ್ಲ.

ಮುಖ್ಯ ಪರೀಕ್ಷೆಯಲ್ಲೂ ಜಾಗ ಇದೆ. ಅಪರಿಚಿತ ಗದ್ಯ ಕೊಟ್ಟು ಪ್ರಶ್ನೆ ಕೇಳುವ ಪದ್ಧತಿ ಹಳೆಯದು. ಅಲ್ಲಿ ಒಂದು ಗದ್ಯಭಾಗದ ಬದಲು ಮೂರು ಚಿಕ್ಕ ತುಣುಕು ಕೊಡಲಿ: ಒಂದು ಜಾಹೀರಾತು, ಅದೇ ವಸ್ತುವಿನ ಪೊಟ್ಟಣದ ಹಿಂಬದಿಯ ಸಣ್ಣಕ್ಷರ, ಅದರ ಬಗ್ಗೆ ಒಂದು ಸುದ್ದಿ. ‘ಗದ್ಯಭಾಗದಲ್ಲಿ ಬರುವ ನಗರ ಯಾವುದು’ ಎಂದು ಕೇಳುವ ಕಡೆ ‘ಒಂದನೆಯ ತುಣುಕಿನ ಯಾವ ಮಾತನ್ನು ಎರಡನೆಯದು ಒಪ್ಪುವುದಿಲ್ಲ’ ಎಂದು ಕೇಳಲಿ. ಪ್ರಬಂಧದ ಪ್ರಶ್ನೆಗೆ ಆ ತುಣುಕುಗಳನ್ನೇ ಆಧಾರ ಮಾಡಿಕೊಂಡು ಬರೆಯುವ ಒಂದು ಆಯ್ಕೆ ಇರಲಿ. ಪರೀಕ್ಷೆ ಬದಲಾದರೆ ಗೈಡು ಬದಲಾಗುತ್ತದೆ, ಟ್ಯೂಷನ್ ಬದಲಾಗುತ್ತದೆ, ತರಗತಿ ತಾನಾಗಿ ಅದರ ಹಿಂದೆ ಬರುತ್ತದೆ. ನಮ್ಮ ವ್ಯವಸ್ಥೆ ಪರೀಕ್ಷೆಯ ಮಾತು ಬಿಟ್ಟು ಬೇರೆ ಯಾರ ಮಾತನ್ನೂ ಕೇಳಿದ್ದಿಲ್ಲ. ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಒಂದು ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಇಂಥ ಒಂದೇ ಪ್ರಶ್ನೆ ಹಾಕಿ ನೋಡಲಿ. ಆಂತರಿಕ ಅಂಕಗಳ ಪಾಂಪ್ಲೆಟ್ ವಿಚಾರಣೆಗೆ ಮಂಡಳಿಯ ಅಪ್ಪಣೆಗೂ ಕಾಯಬೇಕಾಗಿಲ್ಲ. ಅದನ್ನು ಸತ್ಯಮಂಗಲದ ಸುತ್ತಿನ ಯಾವುದೇ ಪ್ರೌಢಶಾಲೆ ಬರುವ ಜೂನ್‌ನಲ್ಲೇ ಶುರುಮಾಡಬಹುದು.